ಕಿವಿಯಿಂದ ಕಂಡ ನಗರ

ಟ್ರಿನಿಡಾಡ್ ದ್ವೀಪದ ರಾಜಧಾನಿಯಾದ ಪೋರ್ಟ್ ಆಫ್ ಸ್ಪೇನ್ ನಗರದ ಹೆಸರನ್ನು ನಮ್ಮ ಕಡೆಯವರು ಭೂಗೋಳದ ಪಾಠದಿಂದ ಕಲಿತದ್ದಕ್ಕಿಂತ ಕ್ರಿಕೆಟ್ಟಿನ ವಾರ್ತೆಗಳಿಂದ ಕಲಿತದ್ದೇ ಹೆಚ್ಚು. 1976ರ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಕ್ವೀನ್ಸ್ ಪಾರ್ಕ್ ಓವಲ್ ಕ್ರೀಡಾಂಗಣದಲ್ಲಿ, ಕಡೆಯ ಸರದಿಗೆ 403 ರನ್ನುಗಳ ಗುರಿಯನ್ನು ಎದುರಿಟ್ಟುಕೊಂಡು ಹೊರಟ ಭಾರತದ ತಂಡವು ನಾಲ್ಕೇ ವಿಕೆಟ್ಟುಗಳ ನಷ್ಟಕ್ಕೆ ಅದನ್ನು ದಾಟಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಅದರಲ್ಲಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರ 112 ರನ್ನುಗಳಿದ್ದುವೆಂಬ, ಬ್ರಿಜೇಶ್ ಪಟೇಲರು ಔಟಾಗದೆ 49 ರನ್ನು ಗಳಿಸಿ ಕೊನೆಯವರೆಗೆ ನಿಂತರೆಂಬ, ಎದುರಾಳಿಗಳ ಮೊದಲ ಸರದಿಯಲ್ಲಿ ಚಂದ್ರಶೇಖರರು ಆರು ವಿಕೆಟ್ಟುಗಳನ್ನು ಕಿತ್ತರೆಂಬ ವಿವರಗಳೆಲ್ಲ ನನ್ನ ಓರಗೆಯ ಹುಡುಗರಿಗೆ ಬಾಯಿಪಾಠವಾಗಿದ್ದುವು. ಟೆಸ್ಟ್ ಪಂದ್ಯದಲ್ಲಿ ನಾಲ್ಕುನೂರನ್ನು ಮೀರಿದ ಗುರಿಯನ್ನು ಅದಕ್ಕೆ ಮುಂಚೆ ಮುಟ್ಟಿದ್ದವರು 1948ರಲ್ಲಿ ಲೀಡ್ಸ್ ನಗರದಲ್ಲಿ ಆಡಿದ ಬ್ರಾಡ್‌ಮನ್ನರ ಆಸ್ಟ್ರೇಲಿಯನ್ನರು ಮಾತ್ರವೆಂಬ ಹೆಮ್ಮೆಯೂ ಆ ವಿವರಗಳೊಂದಿಗೆ ಸೇರಿಕೊಂಡಿತ್ತು. ಆದರೆ ಆ ಹೆಸರಿನ ಹಿಂದೆ ಬೀದಿಗಳೂ ಮನೆಗಳೂ ಇರಬಹುದೆಂಬುದಾಗಲಿ, ಅಲ್ಲಿ ಮನುಷ್ಯರು ಹುಟ್ಟಿ ದುಡಿದು ಹಾಡಿ ಸಾಯುತ್ತಾರೆಂಬುದಾಗಲಿ ನಮಗೆ ಹೊಳೆದಿರಲಿಲ್ಲ; ನಮ್ಮ ಪಾಲಿಗೆ ಅದೊಂದು ಅಂಕಪಟ್ಟಿಯ ಶಿರೋನಾಮೆ.

ಬಹಳ ಕಾಲದ ಮೇಲೆ, ಉತ್ತರ ಅಮೆರಿಕದಲ್ಲಿ ನೆಲೆಸಿದ್ದ ಬಂಧುಗಳ ಮನೆಯಲ್ಲಿ ಚಳಿಗಾಲವನ್ನು ಕಳೆಯಬೇಕಾಗಿ ಬಂದು, ಕಿಟಕಿಯಾಚೆಯ ಹಿಮವನ್ನು ನೋಡುವ ಕುತೂಹಲವು ಮೊದಲ ವಾರದಲ್ಲಿಯೇ ತೀರಿಹೋಗಿದ್ದ ನನಗೆ, ಬಿಸಿಲಿರುವ ಯಾವುದಾದರೊಂದು ಕಡೆಗೆ ರಜೆಗೆಂದು ಹೋಗಿಬರೋಣವೆಂದು ಅವರು ಸೂಚಿಸಿದಾಗ, ಯೋಚನೆಗೆ ಎಡೆಗೊಡದೆ ನಾಲಗೆಯ ಮೇಲೆ ಬಂದದ್ದು ಈ ಹೆಸರೇ. ಅದು ಕಾರ್ನಿವಲ್ ಹಬ್ಬದ ಕಾಲವಾಗಿತ್ತೆಂಬುದು, ಕ್ರೈಸ್ತರ ನಲವತ್ತು ದಿನಗಳ ಉಪವಾಸಕಾಲವು ಮೊದಲಾಗುವ ಬೂದಿ ಬುಧವಾರಕ್ಕೆ ಹಿಂದಿನ ಸೋಮವಾರ ಮಂಗಳವಾರಗಳಂದು ಆ ನಗರವು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲವೆಂಬುದು ಬಂಧುಗಳಿಗೆ ತಿಳಿದಿತ್ತು.

ಕಲ್ಲುಕಟ್ಟಡಗಳಲ್ಲಿ ಚರಿತ್ರೆಯನ್ನು ಅರಸುವ ಅಭ್ಯಾಸವುಳ್ಳವರಿಗೆ ಪೋರ್ಟ್ ಆಫ್ ಸ್ಪೇನ್ ಮೊದಲ ನೋಟಕ್ಕೆ ನಿರಾಶೆಯನ್ನೇ ಉಂಟುಮಾಡುತ್ತದೆ. ಪಡುವಣಕ್ಕೆ ಪಾರಿಯಾ ಕೊಲ್ಲಿಯ ಮಬ್ಬುನೀರು, ಅದರಾಚೆ ನಿರ್ಮಲವಾದ ದಿನಗಳಲ್ಲಿ ಕಾಣುವ ವೆನೆಜುವೆಲಾದ ಬೆಟ್ಟಗಳು, ಬಡಗಣಕ್ಕೆ ಊರಿನ ಬೆನ್ನಿಗೇ ಒತ್ತಿಕೊಂಡು ನಿಂತ ಹಸಿರು ಗಿರಿಶ್ರೇಣಿ, ಇವುಗಳ ನಡುವೆ ಇಕ್ಕಟ್ಟಾದ ಚೌಕಾಕಾರದ ಬೀದಿಗಳಲ್ಲಿ ತಗಡಿನ ಸೂರಿನ ಹಳೆಯ ಮನೆಗಳೂ ಗಾಜಿನ ಬಹುಮಹಡಿಗಳೂ ಯಾವ ಪೂರ್ವಾಲೋಚನೆಯೂ ಇಲ್ಲದೆ ಪಕ್ಕಪಕ್ಕದಲ್ಲಿ ಎದ್ದು ನಿಂತಿವೆ. ಸ್ಪೇನ್ ದೇಶದವರು ಇಲ್ಲಿ ಮುನ್ನೂರು ವರ್ಷಗಳ ಕಾಲ ಅಧಿಕಾರ ನಡೆಸಿದರೂ ಅವರ ಗವರ್ನರು ಸೇಂಟ್ ಜೋಸೆಫ್ ಎಂಬ ಒಳನಾಡಿನ ಊರನ್ನು ಬಿಟ್ಟು ಈ ಕಡಲತಡಿಗೆ ಬಂದು ನೆಲಸಿದುದು 1757ರಷ್ಟು ತಡವಾಗಿ. ದ್ವೀಪದಲ್ಲಿ ಜನವೇ ಸಾಲದೆಂದು 1783ರಲ್ಲಿ ಹೊರಡಿಸಿದ ರಾಜಾಜ್ಞೆಯ ಮೇರೆಗೆ ನೆರೆಯ ದ್ವೀಪಗಳ ಫ್ರೆಂಚ್ ತೋಟಗಾರರು ತಮ್ಮ ಗುಲಾಮರೊಂದಿಗೆ ಬಂದು ತುಂಬಿಕೊಂಡರು. 1797ರಲ್ಲಿ ಇಂಗ್ಲಿಷರು ಹೆಚ್ಚಿನ ಕಾದಾಟವಿಲ್ಲದೆ ಇದನ್ನು ವಶಪಡಿಸಿಕೊಂಡರು. ಆಳುವವರು ಒಬ್ಬರು, ಉಳುವ ಒಡೆಯರು ಇನ್ನೊಬ್ಬರು, ದುಡಿಯುವವರು ಮತ್ತೊಬ್ಬರಾದ ಈ ಪಟ್ಟಣದ ಬಹುಭಾಗವನ್ನು 1808ರ ಬೆಂಕಿ ಒಂದೇ ರಾತ್ರಿಯಲ್ಲಿ ಬೂದಿ ಮಾಡಿತು. ಸ್ಪೇನಿನ ಹೆಸರನ್ನು ಹೊತ್ತ ಊರಿನಲ್ಲಿ ಸ್ಪೇನಿನವರದೆಂದು ತೋರಿಸಲು ಉಳಿದದ್ದು ಅತ್ಯಲ್ಪ.

ಉಳಿದವುಗಳಲ್ಲಿ ಯಾತ್ರಿಕರಿಗೆ ಎಲ್ಲರೂ ತೋರಿಸುವುದು ಸವಾನಾ ಎಂಬ ವಿಶಾಲವಾದ ಬಯಲನ್ನು. 1817ರಲ್ಲಿ ಗವರ್ನರ್ ವುಡ್‌ಫರ್ಡನ ಕಾಲದಲ್ಲಿ ಪೆಶಿಯೇ ಎಂಬ ಮನೆತನದಿಂದ ಕೊಂಡುಕೊಂಡ ಕಬ್ಬಿನ ತೋಟ ಅದು. ಆ ಮನೆತನದ ಗೋರಿಗಳು ಮಾತ್ರ ಮಾರಾಟಕ್ಕೆ ಸೇರದೆ, ಗೋಡೆ ಕಟ್ಟಿದ ಸಣ್ಣ ಆವರಣದಲ್ಲಿ ಇಂದಿಗೂ ಬಯಲಿನ ನಡುವೆ ಇವೆ. ಸುತ್ತಲಿನ ರಸ್ತೆಯಲ್ಲಿ ವಾಹನಗಳು ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಊರಿನವರು ಇದನ್ನು ಜಗತ್ತಿನ ಅತ್ಯಂತ ದೊಡ್ಡ ವೃತ್ತವೆಂದು ಹೇಳಿಕೊಳ್ಳುವರು. ಬಯಲಿನ ಪಶ್ಚಿಮದ ಅಂಚಿನಲ್ಲಿ ಏಳು ಭವನಗಳು ಸಾಲಾಗಿ ನಿಂತಿವೆ. ಕೋಕೋ ಬೆಳೆಗೆ ಒಳ್ಳೆಯ ಬೆಲೆಯಿದ್ದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದ್ದ ಈ ಭವನಗಳಲ್ಲಿ ಒಂದು ಸ್ಕಾಟ್ಲೆಂಡಿನ ಕೋಟೆಯ ಅನುಕರಣ, ಒಂದು ಫ್ರೆಂಚ್ ಅಲಂಕಾರದ್ದು, ಒಂದು ಮೂರ್ ಜನರ ಶೈಲಿಯನ್ನು ನೆನಪಿಸುವುದು, ಮತ್ತೊಂದು ಜರ್ಮನ್ ಮಾದರಿಯ ಗಡಿಯಾರದ ಗೋಪುರವುಳ್ಳ ಕ್ವೀನ್ಸ್ ರಾಯಲ್ ಕಾಲೇಜು. ಈ ಶಾಲೆಯಲ್ಲಿ ಓದಿದವರ ಪೈಕಿ ಸಿ. ಎಲ್. ಆರ್. ಜೇಮ್ಸ್, ಎರಿಕ್ ವಿಲಿಯಮ್ಸ್, ವಿ. ಎಸ್. ನೈಪಾಲ್ ಈ ಮೂವರ ಹೆಸರುಗಳನ್ನು ಹೇಳಿದರೆ ಸಾಕು, ಅದರ ಯೋಗ್ಯತೆ ವಿದಿತವಾಗುತ್ತದೆ. ಉಳಿದ ಆರರ ವಿಷಯದಲ್ಲಿ ನನಗೆ ಅಷ್ಟೊಂದು ಆದರ ಮೂಡಲಿಲ್ಲ. ಐರೋಪ್ಯ ವೇಷಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ಸಿರಿವಂತರು ಕಾರ್ನಿವಲ್ಲಿನ ವೇಷಧಾರಿಗಳನ್ನು ಅಸಂಸ್ಕೃತರೆಂದು ಹಳಿಯುತ್ತಿದ್ದುದು ಮಾತ್ರ ವಿನೋದವಾಗಿ ಕಂಡಿತು.

ಊರಿನ ನಡುವಿನ ರೆಡ್ ಹೌಸ್ ಎಂಬ ಶಾಸನಭವನವನ್ನು ಹೊರಗಿನಿಂದಷ್ಟೇ ನೋಡಿದೆನು. 1903ರಲ್ಲಿ ನೀರಿನ ತೆರಿಗೆಯ ಮಸೂದೆಯೊಂದರ ಮೇಲೆ ಕೆರಳಿದ ಪ್ರಜೆಗಳು ಹಳೆಯ ಕಟ್ಟಡವನ್ನು ಸುಟ್ಟುಹಾಕಿದರು. ಪೊಲೀಸರ ಗುಂಡಿಗೆ ಹದಿನಾರು ಜನ ಬಲಿಯಾದರು. ಈಗಿರುವುದು 1907ರಲ್ಲಿ ಸಿದ್ಧವಾದದ್ದು. ಅದರ ಎದುರಿಗಿರುವ ವುಡ್‌ಫರ್ಡ್ ಚೌಕದ ಮರಗಳ ಕೆಳಗೆ 1955ರಿಂದ ಮೊದಲುಗೊಂಡು ಎರಿಕ್ ವಿಲಿಯಮ್ಸರು ಸಾವಿರಾರು ಜನ ಸಾಮಾನ್ಯರಿಗೆ ಗುಲಾಮಗಿರಿಯ ಅರ್ಥಶಾಸ್ತ್ರದಿಂದ ಹಿಡಿದು ರಾಜ್ಯಾಂಗದ ತತ್ತ್ವಗಳವರೆಗೆ ಉಪನ್ಯಾಸಗಳನ್ನು ಮಾಡಿ, ಆ ಚೌಕವನ್ನು ವಿಶ್ವವಿದ್ಯಾನಿಲಯವೆಂದು ಕರೆದರು; 1962ರ ಆಗಸ್ಟ್ 31ರಂದು ದೇಶವು ಸ್ವತಂತ್ರವಾದಾಗ ಪ್ರಧಾನಿಯಾಗಿದ್ದವರು ಅವರೇ. ನಾನು ಹೋದ ಮಧ್ಯಾಹ್ನ ಅಲ್ಲಿ ಒಬ್ಬ ವೃದ್ಧನು ಬೆಂಚಿನ ಮೇಲೆ ನಿಂತು ತೈಲದ ಬೆಲೆಯ ಮೇಲೆ ಭಾಷಣ ಮಾಡುತ್ತಿದ್ದನು, ನಾಲ್ವರು ಕೇಳುತ್ತಿದ್ದರು, ಇಬ್ಬರು ಪ್ರತಿವಾದ ಮಾಡುತ್ತಿದ್ದರು. ವಿಶ್ವವಿದ್ಯಾನಿಲಯವು ಮುಚ್ಚಿಲ್ಲವೆಂದುಕೊಂಡೆನು.

ಈ ಊರು ನೋಡುವುದಕ್ಕಿಂತ ಕೇಳುವುದಕ್ಕೆ ತಕ್ಕದ್ದು ಎಂಬ ಅರಿವು ನನಗೆ ಮೂಡಿದುದು ಓವಲ್ ಮೈದಾನದ ಬಳಿಯಲ್ಲಿ. ಟ್ರಾಗರೀಟ್ ರಸ್ತೆಯಲ್ಲಿರುವ ಆ ಮೈದಾನಕ್ಕೆ ನಾನು ಹೋದ ದಿನ ಪಂದ್ಯವೇನೂ ಇರಲಿಲ್ಲ. ಬಾಗಿಲಲ್ಲಿದ್ದ ಹಿರಿಯ ಕಾವಲುಗಾರನು ನಾನು ಬಂದ ದೇಶವನ್ನೂ ಉದ್ದೇಶವನ್ನೂ ಕೇಳಿ, ಒಳಗೆ ಬಿಟ್ಟದ್ದಲ್ಲದೆ ತಾನೂ ಜೊತೆಗೆ ಬಂದು, ಖಾಲಿಯಾದ ಮೆಟ್ಟಲುಗಳ ಮೇಲೆ ನನ್ನನ್ನು ಕೂರಿಸಿಕೊಂಡು 1976ರ ಆ ಕಡೆಯ ದಿನವನ್ನು ವರ್ಣಿಸತೊಡಗಿದನು. ಗಾವಸ್ಕರರು 102 ಹೊಡೆದು ಹೋದ ಮೇಲೆ ತಮ್ಮವರು ಗೆದ್ದೇ ಗೆದ್ದರೆಂದು ಜನ ನಂಬಿದ್ದರಂತೆ. ಆಗ ಬಂದ ಕುಳ್ಳನೆಯ ಮನುಷ್ಯನು ಆಫ್ ಸ್ಟಂಪಿನಾಚೆಯ ಚೆಂಡುಗಳನ್ನು ಕತ್ತರಿಸಿ ಕತ್ತರಿಸಿ ಕಳುಹಿಸುತ್ತಿದ್ದುದನ್ನು ಕಂಡು ತಾವು ಸೋಲುತ್ತಿದ್ದೇವೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿದರಂತೆ. ವಿಶ್ವನಾಥರು ಕಡೆಗೆ ಔಟಾದದ್ದು ಬೌಲರುಗಳ ಕೈಯಲ್ಲಲ್ಲ, ರನ್ ಔಟಿನಲ್ಲಿ, ಎಂಬುದನ್ನು ಅವನು ನನ್ನನ್ನು ಸಮಾಧಾನಪಡಿಸುವವನಂತೆ ಹೇಳಿದನು. ಮೂವರು ಸ್ಪಿನ್ ಬೌಲರುಗಳನ್ನು ನೆಚ್ಚಿ ಕೆಟ್ಟ ಎದುರಾಳಿ ನಾಯಕ ಕ್ಲೈವ್ ಲಾಯ್ಡನು ಆ ಸೋಲಿನ ಬಳಿಕ ವೇಗದ ಬೌಲರುಗಳ ಕಡೆಗೆ ತಿರುಗಿದುದೂ, ಅನಂತರದ ಹದಿನೈದು ವರ್ಷ ಜಗತ್ತಿನ ಬ್ಯಾಟುಗಾರರೆಲ್ಲ ಅದರ ಫಲವನ್ನು ಉಂಡದ್ದೂ ಕ್ರಿಕೆಟ್ ಬಲ್ಲವರಿಗೆ ತಿಳಿದ ಸಂಗತಿ. ಜಮೈಕಾದಲ್ಲಿ ನಡೆದ ಮುಂದಿನ ಪಂದ್ಯದಲ್ಲಿ ನಮ್ಮವರು ತಿಂದ ಪೆಟ್ಟುಗಳ ಮಾತನ್ನು ಮಾತ್ರ ಅವನು ಸೌಜನ್ಯದಿಂದ ಎತ್ತಲಿಲ್ಲ.

ಅವನು ಹೀಗೆ ಹೇಳುತ್ತಿರುವಾಗ ರಸ್ತೆಯ ಆಚೆ ಬದಿಯಿಂದ ಒಂದು ಧ್ವನಿ ಕೇಳಿಬರುತ್ತಿತ್ತು. ಗಂಟೆಯ ನಾದವೆನ್ನೋಣವೆಂದರೆ ಅದಕ್ಕಿಂತ ಮೃದು. ತಂತಿವಾದ್ಯವೆನ್ನೋಣವೆಂದರೆ ಲೋಹದ ಕಂಪನ ಸ್ಪಷ್ಟವಾಗಿದೆ. ನಾಲ್ಕೇ ಸ್ವರಗಳ ಒಂದು ತುಣುಕು, ನಿಲ್ಲುವುದು, ಮತ್ತೆ ಅದೇ ತುಣುಕು. ಏನೆಂದು ಕೇಳಿದಾಗ, ಅದು ಇನ್‌ವೇಡರ್ಸ್ ಎಂಬ ವಾದ್ಯವೃಂದದ ಅಂಗಳವೆಂದೂ, ಸಂಜೆಯ ಅಭ್ಯಾಸಕ್ಕೆ ಮುಂಚೆ ಯಾರೋ ಹುಡುಗ ಒಬ್ಬನೇ ತನ್ನ ಪಾಠವನ್ನು ತಿದ್ದಿಕೊಳ್ಳುತ್ತಿದ್ದಾನೆಂದೂ, ಕತ್ತಲಾದ ಮೇಲೆ ಬಂದರೆ ಪೂರ್ತಿ ಕೇಳಬಹುದೆಂದೂ ಹೇಳಿದನು. ಈ ವೃಂದದ ಮೊದಲ ಹೆಸರು ಓವಲ್ ಬಾಯ್ಸ್ ಎಂದಿತ್ತಂತೆ.

ಕತ್ತಲಾದ ಮೇಲೆ ಹೋದೆನು. ನನ್ನ ಪ್ರವಾಸದ ಸಾರವೆಲ್ಲ ಆ ರಾತ್ರಿಯಲ್ಲಿಯೂ ಅನಂತರದ ಅಂಥವೇ ಕೆಲವು ರಾತ್ರಿಗಳಲ್ಲಿಯೂ ಇದೆಯೆಂದರೆ ಉತ್ಪ್ರೇಕ್ಷೆಯಲ್ಲ. ಪ್ಯಾನ್ ಯಾರ್ಡ್ ಎಂದು ಕರೆಯುವ ಇಂಥ ಅಂಗಳಗಳಿಗೆ ಬಾಗಿಲೂ ಇಲ್ಲ, ಪ್ರವೇಶಧನವೂ ಇಲ್ಲ. ಬರಿಯ ವಿದ್ಯುದ್ದೀಪಗಳ ಕೆಳಗೆ, ಗಾಲಿಗಳ ಮೇಲೆ ನಿಲ್ಲಿಸಿದ ಕಬ್ಬಿಣದ ಚೌಕಟ್ಟುಗಳಲ್ಲಿ ತೂಗುಹಾಕಿದ ವಾದ್ಯಗಳ ಸಾಲುಗಳು; ಎತ್ತರದ ಸ್ವರಕ್ಕೆ ಒಂದೇ ತಟ್ಟೆಯ ಟೆನರ್, ಮಧ್ಯದ ಸ್ವರಗಳಿಗೆ ಜೋಡಿ ತಟ್ಟೆಗಳು, ಮಂದ್ರಕ್ಕೆ ಒಬ್ಬೊಬ್ಬ ವಾದಕನ ಸುತ್ತಲೂ ಆರು ಒಂಬತ್ತು ಇಡೀ ಪೀಪಾಯಿಗಳು. ನುಡಿಸುವವರು ನೂರಕ್ಕೆ ಹತ್ತಿರ. ಶಾಲೆಯ ಸಮವಸ್ತ್ರವನ್ನು ಇನ್ನೂ ಬದಲಿಸದ ಹುಡುಗಿ, ಬ್ಯಾಂಕಿನಿಂದ ನೇರವಾಗಿ ಬಂದಿದ್ದ ಗುಮಾಸ್ತೆ, ಬಂದರಿನ ಕೂಲಿಕಾರ, ಕೂದಲು ಬೆಳ್ಳಗಾದ ನಿವೃತ್ತ ಉಪಾಧ್ಯಾಯ. ಬಹುಮಂದಿಗೆ ಲಿಖಿತ ಸ್ವರಲಿಪಿಯ ಹಂಗಿಲ್ಲ. ನಿರ್ದೇಶಕನು ಒಂದು ತುಣುಕನ್ನು ನುಡಿಸಿ ತೋರಿಸುವನು, ಒಂದು ಸಾಲು ಅದನ್ನು ಮರಳಿ ನುಡಿಸುವುದು, ತಪ್ಪಿದವನನ್ನು ಹೆಸರು ಹಿಡಿದು ಕೂಗುವನು, ಮತ್ತೆ ಮೊದಲಿನಿಂದ. ವೇದಪಾಠಶಾಲೆಯಲ್ಲಿ ಒಂದೇ ಪನಸೆಯನ್ನು ಸ್ವರ ಕೂಡುವವರೆಗೆ ಹೇಳಿಸುವ ಗುರುಗಳ ಎದುರಿಗೆ ಕುಳಿತು ಬಂದವರಿಗೆ ಈ ನಿಷ್ಠುರತೆಯ ಪರಿಚಯವಿರುತ್ತದೆ. ನಡುರಾತ್ರಿ ಕಳೆಯಿತು, ಸುತ್ತಲಿನ ಮನೆಗಳವರು ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು, ಎಂಟು ನಿಮಿಷಗಳಷ್ಟರ ಕೃತಿಯ ಒಂದು ನಿಮಿಷದ ಭಾಗವೂ ಆ ಹೊತ್ತಿಗೆ ಮುಗಿದಿರಲಿಲ್ಲ. ಕಡೆಗೊಮ್ಮೆ ಎಲ್ಲ ಸಾಲುಗಳನ್ನೂ ಕೂಡಿಸಿ ನುಡಿಸಿದಾಗ ಆ ನಾದವು ಕಿವಿಗೆ ಬರುವುದಕ್ಕೆ ಮುನ್ನ ಅಂಗಾಲಿನಿಂದ ಏರಿ ಎದೆಗೂಡಿನೊಳಗೆ ಬಂದು ನಿಂತಿತು.

ಈ ವಾದ್ಯದ ಜನ್ಮವೃತ್ತಾಂತವನ್ನು ನಾಲ್ಕು ಮಾತಿನಲ್ಲಿ ಮುಗಿಸಲಾಗದು. ಫ್ರೆಂಚ್ ತೋಟಗಾರರು ತಂದ ಕಾರ್ನಿವಲ್ಲು ಮೊದಲು ಧನಿಕರ ಮುಖವಾಡದ ಕೂಟವಾಗಿತ್ತು. ಗುಲಾಮರಿಗೆ ಅದರಲ್ಲಿ ಸ್ಥಾನವಿರಲಿಲ್ಲ. 1838ರಲ್ಲಿ ಪೂರ್ಣ ವಿಮೋಚನೆಯಾದ ಮೇಲೆ ಆಫ್ರಿಕದ ಸಂತತಿಯವರು ಪಂಜು ಹಿಡಿದು, ಡೋಲು ಬಾರಿಸಿ, ಕೋಲುಕಾಳಗದ ಹಾಡುಗಳೊಂದಿಗೆ ಬೀದಿಗಿಳಿದು ಹಬ್ಬವನ್ನು ತಮ್ಮದನ್ನಾಗಿ ಮಾಡಿಕೊಂಡರು; ಒಡೆಯರು ಕಿಟಕಿ ಮುಚ್ಚಿಕೊಂಡರು. 1881ರಲ್ಲಿ ಕ್ಯಾಪ್ಟನ್ ಬೇಕರ್ ಎಂಬ ಪೊಲೀಸ್ ಮುಖ್ಯಸ್ಥನು ಪಂಜುಗಳನ್ನೂ ಕೋಲುಗಳನ್ನೂ ಕಸಿಯಹೊರಟಾಗ ನಗರದ ಬೀದಿಗಳಲ್ಲಿ ದೊಡ್ಡ ಕದನವೇ ನಡೆಯಿತು. 1884ರ ಕಾನೂನು ಡೋಲಿನ ಸದ್ದನ್ನೇ ಅಡಗಿಸಿತು. ಚರ್ಮವಾದ್ಯವು ನಿಷಿದ್ಧವಾದಾಗ ಜನರು ಬಿದಿರನ್ನು ಹಿಡಿದರು: ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದ ಬೊಂಬುಗಳನ್ನು ನೆಲಕ್ಕೆ ಕುಟ್ಟಿ, ಒಂದಕ್ಕೊಂದು ತಾಡಿಸಿ, ಲಯವನ್ನು ಮಾತ್ರ ಬಿಡದೆ ಅರ್ಧ ಶತಮಾನ ನಡೆಸಿದರು. ಬೊಂಬು ಸೀಳಿಹೋಗುವುದು, ತಗಡು ಸೀಳುವುದಿಲ್ಲ. 1930ರ ದಶಕದ ಕಡೆಯಲ್ಲಿ ಬಿಸ್ಕತ್ತಿನ ಡಬ್ಬ, ಕಸದ ಡಬ್ಬದ ಮುಚ್ಚಳ, ಮೋಟಾರು ಗಾಡಿಯ ಬ್ರೇಕಿನ ಬಳೆ, ಕೈಗೆ ಸಿಕ್ಕಿದ್ದೆಲ್ಲ ಮೆರವಣಿಗೆಗೆ ಬಂತು. ಪೆಟ್ಟಿನಿಂದ ತಗ್ಗಾದ ತಗಡು ಒಂದೊಂದೆಡೆ ಒಂದೊಂದು ಸ್ವರವನ್ನು ಕೊಡುತ್ತದೆಂಬುದನ್ನು ಯಾವನೋ ಒಬ್ಬನಲ್ಲ, ಹಸಿವೂ ಹಟವೂ ಇದ್ದ ಹಲವು ಹುಡುಗರು ಹಲವು ಕೇರಿಗಳಲ್ಲಿ ಏಕಕಾಲಕ್ಕೆ ಕಂಡುಕೊಂಡರು. ಸ್ಪ್ರೀ ಸೈಮನ್, ನೆವಿಲ್ ಜೂಲ್ಸ್, ಎಲಿ ಮ್ಯಾನೆಟ್ ಇವರ ಹೆಸರುಗಳು ಅವರಲ್ಲಿ ಪ್ರಸಿದ್ಧ.

ಮಹಾಯುದ್ಧದ ಕಾಲದಲ್ಲಿ ಕಾರ್ನಿವಲ್ಲನ್ನು ಸರಕಾರವು ನಾಲ್ಕು ವರ್ಷ ನಿಲ್ಲಿಸಿತು. ಆದರೆ ಅಮೆರಿಕದ ನೌಕಾನೆಲೆಯೂ ಸ್ವದೇಶದ ಎಣ್ಣೆಬಾವಿಗಳೂ ಇದ್ದ ದ್ವೀಪದಲ್ಲಿ 55 ಗ್ಯಾಲನ್ನಿನ ಖಾಲಿ ತೈಲದ ಪೀಪಾಯಿಗೆ ಕೊರತೆಯಿರಲಿಲ್ಲ. ಅದರ ತಳವನ್ನು ಸುತ್ತಿಗೆಯಿಂದ ಬಡಿದು ಬೋಗುಣಿಯಾಗಿ ತಗ್ಗಿಸಿ, ಸ್ವರಸ್ಥಾನಗಳನ್ನು ಗೀಟಿ, ಉಳಿಯಿಂದ ಎಲ್ಲೆಗಳನ್ನು ಕೊರೆದು, ಬೆಂಕಿಯಲ್ಲಿ ಕಾಸಿ ಹದಗೊಳಿಸಿ, ಬಳಿಕ ಸಣ್ಣ ಸುತ್ತಿಗೆಯಿಂದ ಕೂದಲೆಳೆಯಷ್ಟು ಏರಿಸಿ ಇಳಿಸಿ ಶ್ರುತಿಗೂಡಿಸುವ ಕೆಲಸವನ್ನು ನಾನು ಅಂಗಳವೊಂದರಲ್ಲಿ ಬಹಳ ಹೊತ್ತು ನೋಡುತ್ತ ನಿಂತಿದ್ದೆ. ತಂತಿಯನ್ನೋ ಮುಚ್ಚಿಗೆಯನ್ನೋ ಶ್ರುತಿ ಮಾಡುವುದು ಇದರ ಮುಂದೆ ಮಕ್ಕಳಾಟ. 1951ರಲ್ಲಿ ಹನ್ನೊಂದು ಮಂದಿಯ ತಂಡವೊಂದು ಲಂಡನ್ನಿನ ಬ್ರಿಟನ್ ಮಹೋತ್ಸವಕ್ಕೆ ಹೋಗಿ ನುಡಿಸಿತು. ಅದುವರೆಗೆ ಈ ವಾದ್ಯವನ್ನು ಹಿಡಿದವನೆಂದರೆ ಪುಂಡನೆಂಬ ಮಾತೇ ಪ್ರಚಲಿತವಾಗಿತ್ತು. ಕೇರಿಕೇರಿಗಳ ವೃಂದಗಳು ಬೀದಿಯಲ್ಲಿ ಎದುರಾದರೆ ಬಾಟಲಿಯೂ ಕತ್ತಿಯೂ ಆಡುತ್ತಿದ್ದುದರಿಂದ ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. 1992ರಲ್ಲಿ ಅದೇ ವಾದ್ಯವು ರಾಷ್ಟ್ರವಾದ್ಯವೆನಿಸಿತು. ಅದು ಹುಟ್ಟಿದ ಪೂರ್ವದಿಕ್ಕಿನ ಲಾವೆಂಟಿಲ್ ಗುಡ್ಡದ ಕೇರಿಗಳಲ್ಲಿ ಬಡತನವೂ ಬಂದೂಕಿನ ಭಯವೂ ಇಂದಿಗೂ ಇವೆ. ನನ್ನ ಆತಿಥೇಯರು ಆ ಕಡೆಗೆ ಕತ್ತಲಲ್ಲಿ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ವಾದ್ಯಕ್ಕೆ ಸಂದ ಮರ್ಯಾದೆ ವಾದ್ಯವನ್ನು ಹೆತ್ತ ಕೇರಿಗೆ ಸಲ್ಲಲಿಲ್ಲವೆಂಬುದನ್ನು ಈ ನಗರವನ್ನು ಹೊಗಳುವವರು ಮರೆಯಬಾರದು.

ನಗರದ ಪಶ್ಚಿಮಕ್ಕೆ ಸೇಂಟ್ ಜೇಮ್ಸ್ ಎಂಬ ಭಾಗವಿದೆ. ಅಲ್ಲಿಯ ಮುಖ್ಯರಸ್ತೆಯಿಂದ ಒಡೆಯುವ ಬೀದಿಗಳ ಫಲಕಗಳನ್ನು ಓದುತ್ತ ನಡೆದರೆ ದೆಹಲಿ, ಬಂಗಾಳ, ಲಖನೌ, ಪಟ್ನಾ, ಮದರಾಸು ಎಲ್ಲವೂ ಎದುರಾಗುತ್ತವೆ. ಗುಲಾಮಗಿರಿ ರದ್ದಾದ ಬಳಿಕ ಕಬ್ಬಿನ ತೋಟಗಳಿಗೆ ಆಳು ಸಾಲದೆ ಹೋದಾಗ, ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ನಮ್ಮ ದೇಶದಿಂದ ಕೂಲಿಗಳನ್ನು ಸಾಗಿಸಿದರು. ಮೊದಲ ಹಡಗಾದ ಫತೇಲ್ ರಜಾಕ್ 1845ರ ಮೇ 30ರಂದು ಇನ್ನೂರಕ್ಕೂ ಮಿಕ್ಕ ಜನರನ್ನು ಪಾರಿಯಾ ಕೊಲ್ಲಿಗೆ ತಂದಿತು. 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ 1,40,000ಕ್ಕೂ ಹೆಚ್ಚು ಮಂದಿ ಬಂದರು, ಬಹುತೇಕರು ಕಲ್ಕತ್ತೆಯ ರೇವಿನಿಂದ, ಕೆಲವರು ಮದರಾಸಿನಿಂದ. ಬಂದವರನ್ನು ಮೊದಲು ಇಳಿಸುತ್ತಿದ್ದ ನೆಲ್ಸನ್ ದ್ವೀಪವು ಬಂದರಿನಿಂದ ದೂರವೇನಲ್ಲ. ದೋಣಿಯಲ್ಲಿ ಹೋಗಿ ನೋಡಿಬಂದೆ. ಒಂದಿಷ್ಟು ಬಂಡೆ, ಒಂದಿಷ್ಟು ಹಳೆಯ ಗೋಡೆ. ಅಲ್ಲಿ ನಿಂತು ಮಾತನಾಡುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ, ಜೊತೆಗಿದ್ದವರಲ್ಲಿಯೂ ಇರಲಿಲ್ಲ.

ನೇಪಾಲ್ ಬೀದಿಯಲ್ಲಿ ನೈಪಾಲರ ತಂದೆ ಕೊಂಡ ಮನೆಯಿದೆ. ನೈಪಾಲರು ಬರೆದ ಮಿಸ್ಟರ್ ಬಿಸ್ವಾಸನ ಕಾದಂಬರಿಯಲ್ಲಿ ಅದು ಸಿಕ್ಕಿಂ ಬೀದಿಯ ಮನೆಯಾಗಿದೆ. ಮನುಷ್ಯನೊಬ್ಬನು ಜೀವಮಾನವೆಲ್ಲ ಹಂಬಲಿಸಿದ ಸ್ವಂತ ಮನೆಯೆಂಬ ವಸ್ತು ಇಷ್ಟು ಕಿರಿದಾಗಿರಬಲ್ಲುದೆಂದು ಪುಸ್ತಕವನ್ನು ಓದಿದವರಿಗೂ ಕಣ್ಣಿನಿಂದ ನೋಡಿದಾಗಲೇ ಮನವರಿಕೆಯಾಗುವುದು. ಆ ಬೀದಿಯ ತಲೆಯಲ್ಲಿ ಗಾಡಿಯಿಟ್ಟುಕೊಂಡಿದ್ದ ಹೆಂಗಸೊಬ್ಬಳು ಡಬಲ್ಸ್ ಎಂಬ ತಿನಿಸನ್ನು ಮಾರುತ್ತಿದ್ದಳು: ಎಣ್ಣೆಯಲ್ಲಿ ಕರಿದ ಎರಡು ಮೆತ್ತನೆಯ ಬಡಾಗಳು, ಅವುಗಳ ಮೇಲೆ ಕಡಲೆಯ ಸಾರು, ಹುಣಿಸೆಯ ಚಟ್ನಿ, ಕಾರ ಎಷ್ಟೆಂಬ ಪ್ರಶ್ನೆ. ಕಾರದ ವಿಷಯದಲ್ಲಿ ಕರ್ನಾಟಕದ ಮಾನವನ್ನು ಉಳಿಸಬೇಕೆಂದು ನಾನು ತೋರಿದ ಉತ್ಸಾಹವನ್ನು ಅವಳು ನಗುತ್ತ ತಡೆದು, ಅರ್ಧವನ್ನೇ ಹಾಕಿದಳು. ಆ ಅರ್ಧವೇ ಸಾಕಾಯಿತು. ತನ್ನ ಮುತ್ತಜ್ಜಿ ಯಾವ ಜಿಲ್ಲೆಯಿಂದ ಬಂದವಳೆಂದು ಅವಳಿಗೆ ಗೊತ್ತಿರಲಿಲ್ಲ. ತಿಳಿಯಬೇಕೆಂಬ ಆತುರವೂ ಕಾಣಲಿಲ್ಲ. ನಾವು ಇಂಥವರನ್ನು ಕಂಡಾಗ ಕಳೆದುಹೋದ ಕುಟುಂಬದವರನ್ನು ಕಂಡವರಂತೆ ಗದ್ಗದರಾಗುವುದುಂಟು. ಅವರಿಗೆ ಆ ಗದ್ಗದ ಬೇಕಾಗಿಲ್ಲವೆಂದು ನನಗೆ ತೋರಿತು. ಅವರ ಊರು ಇದೇ.

ಸೇಂಟ್ ಜೇಮ್ಸಿನ ಶಬ್ದ ತಾಸೆಯದು. ಕುತ್ತಿಗೆಗೆ ನೇತುಹಾಕಿದ ಆಡಿನ ಚರ್ಮದ ಈ ಬೋಗುಣಿವಾದ್ಯವನ್ನು ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುವರು. ಕಾದ ಚರ್ಮದ ಮೇಲೆ ಕಡ್ಡಿಗಳು ಬಿದ್ದಾಗ ಕಿವಿಯೇ ಬಿರಿಯುವುದೇನೋ ಎನ್ನಿಸುತ್ತದೆ. ಮೊಹರಂ ತಿಂಗಳಲ್ಲಿ ಇಲ್ಲಿ ತಾಬೂತುಗಳನ್ನು ಕಟ್ಟಿ, ಕೆಂಪು ಹಸಿರು ಬಣ್ಣದ ದೊಡ್ಡ ಅರ್ಧಚಂದ್ರಗಳನ್ನು ಹೊತ್ತು ಕುಣಿದು, ತಾಸೆಗಳೊಂದಿಗೆ ಮೆರವಣಿಗೆ ಮಾಡುತ್ತಾರೆ. ಕಟ್ಟುವವರಲ್ಲಿಯೂ ಬಾರಿಸುವವರಲ್ಲಿಯೂ ಹಿಂದೂಗಳೂ ಆಫ್ರಿಕದ ಸಂತತಿಯವರೂ ಸೇರಿರುತ್ತಾರೆ. ನಮ್ಮ ಕಡೆಯ ಹಳ್ಳಿಗಳ ಮೊಹರಮ್ಮನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಡೋಲನ್ನು ನಿಷೇಧಿಸಿದ 1884ರಲ್ಲಿಯೇ, ದಕ್ಷಿಣದ ಸ್ಯಾನ್ ಫರ್ನಾಂಡೊ ಪಟ್ಟಣದೊಳಕ್ಕೆ ಈ ಮೆರವಣಿಗೆ ಬರಕೂಡದೆಂಬ ಆಜ್ಞೆಯನ್ನು ಮೀರಿದ ಕೂಲಿಕಾರರ ಮೇಲೆ ಗುಂಡು ಹಾರಿಸಿ ಹಲವರನ್ನು ಕೊಂದರು. ಒಂದೇ ವರ್ಷದಲ್ಲಿ ಎರಡು ಜನಾಂಗಗಳ ತಾಳವನ್ನು ಅಡಗಿಸಲು ಹೊರಟ ಆಡಳಿತವು ಹೋಯಿತು. ತಾಳಗಳೆರಡೂ ಉಳಿದು, ಒಂದರೊಳಗೊಂದು ಬೆರೆತುವು. 1970ರ ದಶಕದಲ್ಲಿ ಲಾರ್ಡ್ ಶಾರ್ಟಿ ಎಂಬ ಗಾಯಕನು ಕಲಿಪ್ಸೊ ಹಾಡಿಗೆ ಭಾರತೀಯ ಲಯವನ್ನು ಕೂಡಿಸಿ ಸೋಕಾ ಎಂಬ ಹೊಸ ಪದ್ಧತಿಯನ್ನು ತಂದನು. ಇಂದು ಕಾರ್ನಿವಲ್ಲಿನ ಬೀದಿಗಳನ್ನು ಆಳುತ್ತಿರುವುದು ಅದೇ.

ಕಲಿಪ್ಸೊ ಗಾಯಕರ ಸಭೆಗೂ ಒಂದು ರಾತ್ರಿ ಹೋಗಿದ್ದೆನು. ಈ ಹಾಡುಗಳಲ್ಲಿ ಮಂತ್ರಿಗಳೂ ವರ್ತಕರೂ ಪಾದ್ರಿಗಳೂ ಒಬ್ಬರನ್ನೂ ಬಿಡದಂತೆ ಪರಿಹಾಸಕ್ಕೆ ಗುರಿಯಾಗುವರು. ಸಭಿಕರು ಚೀಟಿಯಲ್ಲಿ ಕೊಟ್ಟ ವಿಷಯದ ಮೇಲೆ ನಿಂತ ನಿಲುವಿನಲ್ಲಿ ಪ್ರಾಸಬದ್ಧವಾಗಿ ಹಾಡುವ ಆಶುಕವಿಗಳೂ ಇದ್ದಾರೆ. 1934ರಲ್ಲಿ ಸರಕಾರವು ಹಾಡುಗಳ ಮೇಲೆ ನಿರ್ಬಂಧ ಹೇರುವ ಶಾಸನ ಮಾಡಿತ್ತು. ಅದನ್ನು ಎದುರಿಸಿ ಹಾಡಿದ ಅಟಿಲಾ ಎಂಬ ಕಾವ್ಯನಾಮದ ರೇಮಂಡ್ ಕೆವೆಡೊ ಮುಂದೆ ಪ್ರಜೆಗಳ ಮತದಿಂದ ನಗರಸಭೆಗೂ, 1950ರಲ್ಲಿ ಶಾಸನಸಭೆಗೂ ಆರಿಸಿಬಂದನು. ಹಾಸ್ಯಗಾರನನ್ನು ಶಾಸನಸಭೆಗೆ ಕಳುಹಿಸುವ ಧೈರ್ಯ ಎಲ್ಲ ದೇಶಗಳಿಗೂ ಇರುವುದಿಲ್ಲ. ಅಲ್ಲಿಗೆ ಹೋದ ಮೇಲೆ ಹಾಸ್ಯಗಾರರಾಗುವವರು ಬೇರೆ.

ಹಬ್ಬದ ಮೊದಲ ಕಾರ್ಯವಾದ ಜುವೇ ಎಂಬುದು ಸೋಮವಾರ ಬೆಳಕು ಹರಿಯುವುದಕ್ಕೆ ಮುಂಚಿನದು. ಮೈತುಂಬ ಕೆಸರನ್ನೋ ಮಸಿಯನ್ನೋ ನೀಲಿಯನ್ನೋ ಬಳಿದುಕೊಂಡ ಸಾವಿರಾರು ಜನ, ಗಂಡು ಹೆಣ್ಣು ಬಡವ ಬಲ್ಲಿದನೆಂಬ ಗುರುತೇ ಸಿಗದಂತೆ, ನಸುಗತ್ತಲಲ್ಲಿ ಬೀದಿಯುದ್ದಕ್ಕೂ ಕಾಲೆಳೆಯುತ್ತ ಸಾಗುವರು. ಸುತ್ತ ನಿಂತು ನೋಡುವವನಿಗೂ ಕೆಸರು ತಪ್ಪದು. ನನ್ನ ಬಿಳಿಯ ಅಂಗಿಯನ್ನು ಕಂಡ ಮಧ್ಯವಯಸ್ಸಿನ ಸ್ತ್ರೀಯೊಬ್ಬಳು ಬಹಳ ವಾತ್ಸಲ್ಯದಿಂದ ಅದಕ್ಕೆ ತನ್ನ ಎರಡೂ ಅಂಗೈಗಳನ್ನು ಒತ್ತಿ ಮುಂದೆ ಹೋದಳು. ಮಂಗಳವಾರದ ಹಗಲಿನ ಮೆರವಣಿಗೆಯೇ ಲೋಕಪ್ರಸಿದ್ಧವಾದದ್ದು; ಛಾಯಾಚಿತ್ರಗಳಲ್ಲಿ ಕಾಣುವ ಗರಿಗಳೂ ಮಣಿಗಳೂ ಅಂದಿನವು. ಸತ್ಯವನ್ನು ಹೇಳುವುದಾದರೆ ನನಗೆ ಅದು ಅಷ್ಟಾಗಿ ರುಚಿಸಲಿಲ್ಲ. ಲಾರಿಗಳ ಮೇಲೆ ಮನೆಯೆತ್ತರಕ್ಕೆ ಪೇರಿಸಿದ ಧ್ವನಿವರ್ಧಕಗಳ ಅಬ್ಬರದಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ; ಹಣ ತೆತ್ತು ಕೊಂಡ ಉಡುಪುಗಳು ಒಂದು ತಂಡದವಾದರೂ ಇನ್ನೊಂದರದಾದರೂ ಒಂದೇ ಬಗೆಯವು; ಹಗ್ಗ ಹಿಡಿದ ಕಾವಲುಗಾರರು ಹಣ ಕೊಡದವರನ್ನು ಹೊರಗಿಡುವರು. ಬೀದಿಯನ್ನು ಎಲ್ಲರಿಗೂ ಗೆದ್ದುಕೊಟ್ಟ ಹಬ್ಬದಲ್ಲಿ ಈ ಹಗ್ಗ ಸಲ್ಲದು. ದೈತ್ಯಾಕಾರದ ಟೋಪಿಯನ್ನಿಟ್ಟು ದಾರಿಹೋಕರನ್ನು ಅಡ್ಡಗಟ್ಟಿ ಆಡಂಬರದ ಗದ್ಯದಲ್ಲಿ ಬೆದರಿಸುವ ಮಧ್ಯರಾತ್ರಿಯ ದರೋಡೆಗಾರ, ಎತ್ತರದ ಮರಗಾಲುಗಳ ಮೇಲೆ ನಡೆಯುವ ಮೊಕೊ ಜಂಬಿ, ಇಂಥ ಹಳೆಯ ವೇಷಗಳು ಮೂಲೆಗಳಲ್ಲಿ ಮಾತ್ರ ಕಂಡುವು. ದರೋಡೆಗಾರನೊಬ್ಬನು ತನ್ನ ಜನ್ಮಕಾಲದಲ್ಲಿ ಸೂರ್ಯನೇ ಅಂಜಿ ಅಡಗಿದನೆಂದು ನನ್ನೆದುರಿಗೆ ಘರ್ಜಿಸಿ ನಾಣ್ಯ ಕೇಳಿದಾಗ ಸಂತೋಷದಿಂದ ಕೊಟ್ಟೆನು.

ನಾನು ಉಸಿರು ಹಿಡಿದು ಕೇಳಿದ್ದು ಅದಕ್ಕೆ ಮುಂಚಿನ ಶನಿವಾರ ರಾತ್ರಿ, ಸವಾನಾ ಬಯಲಿನಲ್ಲಿ ನಡೆದ ಪನೋರಮಾ ಸ್ಪರ್ಧೆಯಲ್ಲಿ. 1963ರಲ್ಲಿ ಆರಂಭವಾದ ಈ ಸ್ಪರ್ಧೆಗೆ ವೃಂದಗಳು ತಮ್ಮ ವಾದ್ಯಗಳನ್ನೆಲ್ಲ ಗಾಲಿಗಳ ಮೇಲೆ ನೂಕಿಕೊಂಡು ಬರುತ್ತವೆ; ನೂಕುವವರು ಅಭಿಮಾನಿಗಳು, ನೆರೆಹೊರೆಯವರು, ಅಕ್ಕತಂಗಿಯರು. ಅಂಗಳದಲ್ಲಿ ತುಣುಕು ತುಣುಕಾಗಿ ಕೇಳಿ ನನಗೂ ಅರ್ಧ ಕಂಠಸ್ಥವಾಗಿದ್ದ ಕೃತಿಯು ಆ ರಾತ್ರಿ ಅಖಂಡವಾಗಿ, ನಾನು ಊಹಿಸಿರದ ವೇಗದಲ್ಲಿ ಹೊರಟಾಗ, ಪ್ರತಿಯೊಂದು ತಿರುವನ್ನೂ ಅದು ಬರುವ ಮೊದಲೇ ನಿರೀಕ್ಷಿಸುತ್ತ ಕುಳಿತಿದ್ದ ನನ್ನ ಪಕ್ಕದಲ್ಲಿ ಅಪರಿಚಿತನೊಬ್ಬನು ತನ್ನ ಬೆರಳುಗಳಿಂದ ನನ್ನ ಮೊಣಕಾಲಿನ ಮೇಲೆಯೇ ತಾಳ ಹಾಕುತ್ತಿದ್ದನು. ಆ ವೃಂದಕ್ಕೆ ಬಹುಮಾನ ಬರಲಿಲ್ಲ. ತೀರ್ಪುಗಾರರ ಬುದ್ಧಿವಂತಿಕೆಯನ್ನು ಕುರಿತು ಸುತ್ತಲಿನವರು ಆಡಿದ ಮಾತುಗಳು ಇಲ್ಲಿ ಬರೆಯತಕ್ಕವಲ್ಲ.

ಸಂತೋಷವೆಂಬುದು ಈ ಜನಕ್ಕೆ ಹುಟ್ಟುಗುಣ, ಬಿಸಿಲಿನ ದೇಶದವರು ಕುಣಿಯುವುದಲ್ಲದೆ ಮತ್ತೇನು ಬಲ್ಲರು ಎಂದು ಪ್ರವಾಸದ ಜಾಹೀರಾತುಗಳು ಸೂಚಿಸುವುದುಂಟು. ಅದು ಸುಳ್ಳು, ಸ್ವಲ್ಪಮಟ್ಟಿಗೆ ಅವಮಾನವೂ ಹೌದು. ಹಗಲೆಲ್ಲ ದುಡಿದು ಬಂದವರು ರಾತ್ರಿ ಒಂದರವರೆಗೆ ನಿಂತು ನಾಲ್ಕು ಸ್ವರಗಳನ್ನು ತಿದ್ದಿಕೊಳ್ಳುವುದನ್ನು ಕಂಡವನು ಹಾಗೆ ಹೇಳಲಾರನು. ಆದುದರಿಂದ ಈ ನಗರಕ್ಕೆ ಹೋಗಬೇಕೆನ್ನುವ ಓದುಗರಿಗೆ ನನ್ನ ಬಿನ್ನಹವಿಷ್ಟೆ: ಹಬ್ಬದ ಎರಡು ದಿನಗಳಿಗೆಂದು ಹೋಗಬೇಡಿ, ಎರಡು ಮೂರು ವಾರ ಮುಂಚಿತವಾಗಿಯೇ ಹೋಗಿ, ಮಂಗಳವಾರದ ಮೆರವಣಿಗೆ ತಪ್ಪಿದರೂ ಚಿಂತೆಯಿಲ್ಲ. ವುಡ್‌ಬ್ರೂಕ್ ಬಡಾವಣೆಯ ಮತ್ತು ಅದರ ಸುತ್ತಲಿನ ಅಂಗಳಗಳನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಭ್ಯಾಸವು ರಾತ್ರಿ ಎಂಟರ ಹೊತ್ತಿಗೆ ಮೊದಲಾಗುತ್ತದೆ. ಮಂದ್ರದ ಪೀಪಾಯಿಗಳ ಹಿಂದೆ ನಿಲ್ಲಬೇಡಿ, ಉಳಿದ ವಾದ್ಯಗಳು ಕೇಳಿಸುವುದಿಲ್ಲ.